ಯಾವ ಬಣ್ಣ ಹಾಕಿದ್ದೀರಿ?

ಕ್ವಾಂಟಮ್ ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಯಾರಾದರೂ ಕರೆದರೆ ನಾನು ಸ್ಲೈಡುಗಳನ್ನು ಒಯ್ಯುವುದಿಲ್ಲ. ಮುಚ್ಚಳ ಬಿಗಿದ ಮೂರು ಪುಟ್ಟ ಗಾಜಿನ ಸೀಸೆ, ಒಂದು ಅತಿನೇರಳೆ ಟಾರ್ಚು, ಇಷ್ಟೇ ನನ್ನ ಸರಂಜಾಮು. ದೀಪ ಆರಿಸಿ ಟಾರ್ಚು ಬಿಟ್ಟರೆ ಒಂದು ಸೀಸೆ ನೀಲಿಯಾಗಿ, ಇನ್ನೊಂದು ಹಸಿರಾಗಿ, ಮೂರನೆಯದು ಕೆಂಡದ ಹಾಗೆ ಕೆಂಪಾಗಿ ಹೊಳೆಯುತ್ತದೆ. ಗುಜುಗುಜು ಅಡಗಿದ ಮೇಲೆ ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಯಾವ ಯಾವ ಬಣ್ಣ ಹಾಕಿದ್ದೀರಿ?"

ಯಾವ ಬಣ್ಣವನ್ನೂ ಹಾಕಿಲ್ಲ. ಮೂರು ಸೀಸೆಯಲ್ಲೂ ಇರುವುದು ಒಂದೇ ಪದಾರ್ಥ. ಕ್ಯಾಡ್ಮಿಯಮ್ ಸೆಲೆನೈಡ್ ಎಂಬ ಅರೆವಾಹಕದ ಹರಳುಗಳು. ಬೇರೆ ಇರುವುದು ಹರಳಿನ ಗಾತ್ರ ಮಾತ್ರ. ನೀಲಿ ಸೀಸೆಯ ಹರಳು ಸುಮಾರು 2 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ಒಂದು ನ್ಯಾನೋಮೀಟರ್) ಅಗಲ. ಕೆಂಪು ಸೀಸೆಯದು ಸುಮಾರು 6. ನಡುವಿನ ಗಾತ್ರದ್ದು ಹಸಿರು. ಇವಕ್ಕೆ ಕ್ವಾಂಟಮ್ ಡಾಟ್ ಎಂದು ಹೆಸರು. ಒಂದೊಂದು ಡಾಟ್‌ನಲ್ಲೂ ಕೆಲವು ನೂರರಿಂದ ಕೆಲವು ಸಾವಿರ ಪರಮಾಣುಗಳು, ಅಷ್ಟೇ. ನಿಮ್ಮ ಬೆರಳಿನ ಉಗುರು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ನ್ಯಾನೋಮೀಟರ್ ಬೆಳೆಯುತ್ತದೆ. ಈ ಸಾಲು ಓದಿ ಮುಗಿಸುವಷ್ಟರಲ್ಲಿ ನೀಲಿ ಡಾಟ್‌ನ ಅಗಲಕ್ಕಿಂತ ಜಾಸ್ತಿ ಬೆಳೆದಾಯಿತು.

ಸೀಮೆಸುಣ್ಣ ಮುರಿದರೆ ಎರಡು ತುಂಡೂ ಬಿಳಿ ಅಲ್ವಾ? ಕುಟ್ಟಿ ಪುಡಿ ಮಾಡಿದರೂ ಬಿಳಿ. ಬಣ್ಣ ಎಂದರೆ ವಸ್ತುವಿನ ಗುಣ, ಅಳತೆಗೂ ಅದಕ್ಕೂ ಸಂಬಂಧವಿಲ್ಲ ಎಂದೇ ನಾವೆಲ್ಲ ಬೆಳೆದಿದ್ದೇವೆ. ಈ ಸೀಸೆಗಳು ಆ ನಂಬಿಕೆಯನ್ನು ಕಣ್ಣೆದುರೇ ಕೆಡವುತ್ತವೆ. ಎಷ್ಟು ವರ್ಷದಿಂದ ನೋಡುತ್ತಿದ್ದೇನೋ, ನನಗಂತೂ ಇನ್ನೂ ಹಳತಾಗಿಲ್ಲ.

ಸೀಸೆ ಹಿಡಿದು ಹೋಗಲು ಇನ್ನೊಂದು ಕಾರಣವೂ ಇದೆ. ನಾವು ವಿಜ್ಞಾನಿಗಳು ಜನರಿಗೆ ಕ್ವಾಂಟಮ್ ಹೇಳಲು ಶುರು ಮಾಡುವುದೇ ಬೆಕ್ಕಿನಿಂದ. ಪೆಟ್ಟಿಗೆಯೊಳಗೆ ಸತ್ತೂ ಇದೆ, ಬದುಕಿಯೂ ಇದೆ, ನೀವು ತೆರೆದು ನೋಡಿದರೆ ತೀರ್ಮಾನವಾಗುತ್ತದೆ, ಇತ್ಯಾದಿ. ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಆ ಬೆಕ್ಕನ್ನು ತಂದದ್ದು ಗೆಳೆಯರ ಕಾಲೆಳೆಯಲು. ನಿಮ್ಮ ವಾದವನ್ನು ಹಾಗೇ ಎಳೆದುಕೊಂಡು ಹೋದರೆ ಎಂಥ ಅಸಂಬದ್ಧಕ್ಕೆ ಮುಟ್ಟುತ್ತೇವೆ ನೋಡಿ ಎಂಬುದು ಅವರ ಮಾತು. ಕಾಲೆಳೆದದ್ದು ಮರೆತುಹೋಯಿತು, ಬೆಕ್ಕು ಉಳಿಯಿತು. ಕೇಳಿದವರು ಮನೆಗೆ ಒಯ್ಯುವುದು "ನೋಡಿದರೆ ಲೋಕ ಬದಲಾಗುತ್ತದೆ" ಎಂಬ ಒಂದೇ ಮಾತನ್ನು. ಅಲ್ಲಿಂದ "ಮನಸ್ಸಿಟ್ಟು ನೆನೆದರೆ ಕಾಯಿಲೆ ವಾಸಿಯಾಗುತ್ತದೆ" ಎಂಬುದಕ್ಕೆ ಒಂದು ಗೇಣು ದೂರ. ಕ್ವಾಂಟಮ್‌ನಲ್ಲಿ ನೋಡುವುದು ಎಂದರೆ ಅಳೆಯುವುದು. ಎಲೆಕ್ಟ್ರಾನ್ ಇನ್ನಾವುದಕ್ಕೋ ತಾಕಿ ಅಲ್ಲೊಂದು ಗುರುತು ಬಿಟ್ಟರೆ ಅಳತೆ ಆಯಿತು. ಅದಕ್ಕೆ ಕಣ್ಣು ಬೇಡ, ಮನಸ್ಸಂತೂ ಬೇಡವೇ ಬೇಡ.

ಸುಮ್ನೆ ನಕ್ಕು ಬಿಡುವ ವಿಷಯವಾಗಿದ್ದರೆ ನಾನೂ ಬಿಡುತ್ತಿದ್ದೆ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ವಿಕಿರಣ ಸುರಕ್ಷತಾ ಪ್ರಾಧಿಕಾರ ಒಂದು ಎಚ್ಚರಿಕೆ ಕೊಟ್ಟಿತು. 5ಜಿ ಅಲೆಗಳಿಂದ ಕಾಪಾಡುತ್ತವೆ ಎಂದು ಮಾರುತ್ತಿದ್ದ ಪದಕ, ಬಳೆಗಳಂಥ ಹತ್ತು ಸಾಮಾನುಗಳು ತಾವೇ ವಿಕಿರಣ ಸೂಸುತ್ತಿವೆ, ಹಾಕಿಕೊಳ್ಳಬೇಡಿ ಎಂದು. ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯವನ್ನು ಕೊರಳಿಗೆ ಕಟ್ಟಿಕೊಂಡ ಹಾಗೆ. 'ಕ್ವಾಂಟಮ್', 'ನ್ಯಾನೋ', 'ಬಯೋ' ಎಂಬ ಮೂರು ಪದಗಳನ್ನು ಡಬ್ಬಿಯ ಮೇಲೆ ಅಂಟಿಸಿದರೆ ಏನನ್ನು ಬೇಕಾದರೂ ಮಾರಬಹುದು ಎಂಬಂತಾಗಿದೆ. ಇದಕ್ಕೆ ನಾವೂ ಸ್ವಲ್ಪ ಗೊಬ್ಬರ ಹಾಕಿದ್ದೇವೆ ಅಂತ ನನ್ನ ಅನುಮಾನ. ವಿಚಿತ್ರ, ವಿಸ್ಮಯ, ಯಾರಿಗೂ ಅರ್ಥವಾಗದ್ದು ಎಂದು ಹೇಳಿಕೊಂಡು ತಿರುಗಿದವರು ನಾವೇ. ಯಾರಿಗೂ ಅರ್ಥವಾಗದ್ದನ್ನು ಮಾರುವುದು ಬಹಳ ಸುಲಭ.

ಇರಲಿ, ಸೀಸೆಗೆ ಬರೋಣ.

ಅತಿನೇರಳೆ ಬೆಳಕು ಬಿದ್ದಾಗ ಹರಳಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಇಳಿಯುವಾಗ ಬೆಳಕು ಬಿಡುತ್ತದೆ. ಇಳಿತ ದೊಡ್ಡದಾದರೆ ನೀಲಿ, ಚಿಕ್ಕದಾದರೆ ಕೆಂಪು. ಇಷ್ಟು ಗೊತ್ತಿರುವುದೇ. ಆದರೆ ಆ ಇಳಿತ ಎಷ್ಟು ಎತ್ತರದ್ದು ಎಂಬುದನ್ನು ಹರಳಿನ ಅಗಲ ಯಾಕೆ ತೀರ್ಮಾನಿಸಬೇಕು?

ಬಿಂದಿಗೆಗೆ ನೀರು ತುಂಬುವ ಸದ್ದು ನೆನಪಿಸಿಕೊಳ್ಳಿ. ಮೊದಲು ದಪ್ಪ ದನಿ. ತುಂಬುತ್ತ ಬಂದ ಹಾಗೆ ದನಿ ಏರುತ್ತದೆ. ಬೆನ್ನು ತಿರುಗಿಸಿ ನಿಂತಿದ್ದರೂ ನಲ್ಲಿ ನಿಲ್ಲಿಸುವ ಹೊತ್ತು ಕಿವಿಗೇ ಗೊತ್ತಾಗುತ್ತದೆ. ಬಿಂದಿಗೆ ಅದೇ, ನೀರು ಅದೇ. ನೀರಿನ ಮೇಲೆ ಉಳಿದ ಗಾಳಿಯ ಜಾಗ ಮಾತ್ರ ಕಿರಿದಾಗುತ್ತಿದೆ. ಜಾಗ ಕಿರಿದಾದರೆ ಅಲೆ ಗಿಡ್ಡವಾಗಬೇಕು, ಅಲೆ ಗಿಡ್ಡವಾದರೆ ದನಿ ಏರಬೇಕು. ಬೇರೆ ದಾರಿಯಿಲ್ಲ.

ಎಲೆಕ್ಟ್ರಾನ್ ಕೂಡ ಅಲೆಯೇ. ಇಬ್ಬರು ಹಗ್ಗದ ಎರಡು ತುದಿ ಹಿಡಿದು ಕುಲುಕುತ್ತಿದ್ದಾರೆ ಎಂದುಕೊಳ್ಳಿ. ತುದಿ ಅಲ್ಲಾಡುವಂತಿಲ್ಲ. ನಡುವೆ ಒಂದು ಡುಬ್ಬ ಏಳಬಹುದು, ಜೋರಾಗಿ ಕುಲುಕಿದರೆ ಎರಡು, ಇನ್ನೂ ಜೋರಾದರೆ ಮೂರು. ಒಂದೂವರೆ ಡುಬ್ಬ ನಿಲ್ಲುವುದಿಲ್ಲ. 'ಕ್ವಾಂಟಮ್' ಎಂಬ ಭಯಂಕರ ಪದದ ಹೊಟ್ಟೆಯಲ್ಲಿ ಇರುವುದು ಈ ಎಣಿಕೆ: ಒಂದು, ಎರಡು, ಮೂರು ಉಂಟು, ಒಂದೂವರೆ ಇಲ್ಲ. ಈಗ ಆ ಇಬ್ಬರೂ ಹತ್ತಿರ ಬಂದು ಹಗ್ಗವನ್ನು ಗಿಡ್ಡ ಹಿಡಿಯಲಿ. ಅದೇ ಒಂದು ಡುಬ್ಬ ಎಬ್ಬಿಸಲು ಕೈ ಬೇಗ ಬೇಗ ಆಡಿಸಬೇಕು. ಡಾಟ್ ಚಿಕ್ಕದಾಯಿತು ಎಂದರೆ ಎಲೆಕ್ಟ್ರಾನ್‌ಗೆ ಆದದ್ದು ಇದೇ.

ತಂತಿವಾದ್ಯ ನುಡಿಸುವವರಿಗೆ ಹೀಗೆ ಹೇಳಬಹುದು. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಕಂಪನ ಎರಡು ಪಟ್ಟಾಗಿ ಸ್ವರ ಮೇಲಿನ ಸ್ಥಾಯಿಗೆ ಹೋಗುತ್ತದೆ. ಆದರೆ ನನ್ನ ಹೋಲಿಕೆಗಳೆಲ್ಲ ಇಲ್ಲಿ ಕೈಕೊಡುತ್ತವೆ, ಅದನ್ನೂ ಹೇಳಿಬಿಡಬೇಕು. ಎಲೆಕ್ಟ್ರಾನ್‌ನ ಜಾಗ ಅರ್ಧಕ್ಕಿಳಿದರೆ ಅದರ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಅಲೆ ಅರ್ಧವಾದರೆ ವೇಗ ಇಮ್ಮಡಿ, ಶಕ್ತಿಯಾದರೋ ವೇಗದ ವರ್ಗ. ಹಾಗಾದರೆ 6 ನ್ಯಾನೋಮೀಟರ್‌ನ ಡಾಟನ್ನು 3ಕ್ಕೆ ಇಳಿಸಿದರೆ ಬೆಳಕಿನ ಶಕ್ತಿಯೂ ನಾಲ್ಕು ಪಟ್ಟಾಗಬೇಕಲ್ಲ? ಆಗುವುದಿಲ್ಲ. ದೊಡ್ಡ ಹರಳಿಗೂ ಅದರದ್ದೇ ಒಂದು ಇಳಿತ ಇದ್ದೇ ಇರುತ್ತದೆ. ಕ್ಯಾಡ್ಮಿಯಮ್ ಸೆಲೆನೈಡ್‌ನಲ್ಲಿ ಅದು ಗಾಢ ಕೆಂಪಿನ ಅಂಚಿನಲ್ಲಿದೆ. ಇಕ್ಕಟ್ಟಿನಿಂದ ಬರುವ ಶಕ್ತಿ ಅದರ ಮೇಲೆ ಸೇರುವ ಹೆಚ್ಚುವರಿ. ನಾಲ್ಕು ಪಟ್ಟಾಗುವುದು ಆ ಹೆಚ್ಚುವರಿ, ಅದೂ ಸರಿಸುಮಾರಾಗಿ.

ಮೇಲಕ್ಕೆ ಜಿಗಿದ ಎಲೆಕ್ಟ್ರಾನ್ ತಾನಿದ್ದ ಕಡೆ ಒಂದು ಖಾಲಿ ಜಾಗ ಬಿಟ್ಟಿರುತ್ತದೆ. ಎಲೆಕ್ಟ್ರಾನ್ ಮತ್ತು ಆ ಖಾಲಿ ಜಾಗ ಒಂದನ್ನೊಂದು ಎಳೆಯುತ್ತ ಜೋಡಿಯಾಗಿ ಇರುತ್ತವೆ. ದೊಡ್ಡ ಹರಳಿನಲ್ಲಿ ಈ ಜೋಡಿ ಕೈಕಾಲು ಚಾಚಿ ಮಲಗಲು ಸುಮಾರು 10–11 ನ್ಯಾನೋಮೀಟರ್ ಬೇಕು. ನಾವು ಕೊಡುತ್ತಿರುವುದು ಎರಡು. ಆ ಇಕ್ಕಟ್ಟೇ ನೀಲಿ ಬಣ್ಣ.

ಇಲ್ಲಿ ಒಂದು ಗೊಂದಲ ತಪ್ಪಿಸಬೇಕು. ಸೋಪಿನ ಗುಳ್ಳೆಯಲ್ಲೂ ಅಳತೆಯಿಂದಲೇ ಬಣ್ಣ ಬರುತ್ತದೆ, ಇದೂ ಹಾಗೆಯೇ ಎಂದು ಬಲ್ಲವರೂ ಹೇಳುವುದುಂಟು. ಗುಳ್ಳೆಯಲ್ಲಿ ಆಟವಾಡುವುದು ಬೆಳಕಿನ ಅಲೆ. ಕೆಂಪು ಬೆಳಕಿನ ಅಲೆ 600 ನ್ಯಾನೋಮೀಟರ್‌ಗೂ ಉದ್ದ. ಡಾಟ್‌ನ ನೂರು ಪಟ್ಟು. ಅದು ಡಾಟ್‌ನೊಳಗೆ ಹಿಡಿಸುವ ಮಾತೇ ಇಲ್ಲ. ಡಾಟ್‌ನಲ್ಲಿ ಸಿಕ್ಕಿಬಿದ್ದಿರುವುದು ಎಲೆಕ್ಟ್ರಾನ್‌ನ ಅಲೆ.

ಹರಳು ತೀರಾ ಪುಟ್ಟದಾದರೆ ಹೀಗಾಗಬೇಕು ಎಂದು ಭೌತವಿಜ್ಞಾನಿ ಹರ್ಬರ್ಟ್ ಫ್ರೋಲಿಕ್ 1937ರಲ್ಲೇ ಲೆಕ್ಕ ಹಾಕಿದ್ದರು. ಅಂಥ ಹರಳು ಮಾಡುವ ಕೈ ಆಗ ಯಾರಿಗೂ ಇರಲಿಲ್ಲ. ನಾಲ್ಕು ದಶಕ ಕಳೆದ ಮೇಲೆ ಲೆನಿನ್‌ಗ್ರಾಡ್‌ನಲ್ಲಿ ಅಲೆಕ್ಸಿ ಎಕಿಮೊವ್ ಬಣ್ಣದ ಗಾಜಿನ ಬೆನ್ನು ಹತ್ತಿದರು. ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು 500ರಿಂದ 700 ಡಿಗ್ರಿಯಲ್ಲಿ, ಒಂದು ಗಂಟೆಯಿಂದ 96 ಗಂಟೆವರೆಗೆ ಕಾಯಿಸಿ ನೋಡಿದರು. ಒಳಗೆ 2ರಿಂದ 30 ನ್ಯಾನೋಮೀಟರ್‌ನ ಹರಳುಗಳು ಹುಟ್ಟಿದ್ದವು. ಚಿಕ್ಕ ಹರಳಿನ ಗಾಜು ಹೀರುವ ಬೆಳಕು ನೀಲಿಯ ಕಡೆಗೆ ಸರಿದಿತ್ತು. 1981ರಲ್ಲಿ ಸೋವಿಯತ್ ಪತ್ರಿಕೆಯೊಂದರಲ್ಲಿ ಇದನ್ನು ಪ್ರಕಟಿಸಿದರು. ಶೀತಲ ಸಮರದ ಗೋಡೆಯ ಆಚೆ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಲೂಯಿ ಬ್ರೂಸ್‌ಗೆ ಅದರ ಸುಳಿವಿಲ್ಲ. ಅವರು ದ್ರಾವಣದಲ್ಲಿ ಕ್ಯಾಡ್ಮಿಯಮ್ ಸಲ್ಫೈಡ್ ಕಣಗಳನ್ನು ಮಾಡಿ ಮೇಜಿನ ಮೇಲೆ ಬಿಟ್ಟಿದ್ದರು. ಆಮೇಲೆ ಬಂದು ನೋಡಿದರೆ ಅವು ಬೆಳಕು ಹೀರುವ ರೀತಿಯೇ ಬೇರೆಯಾಗಿತ್ತು. ಬಿಟ್ಟಲ್ಲೇ ಕಣಗಳು ಬೆಳೆದಿದ್ದವು. ತಾಜಾ ಕಣ ಸುಮಾರು 4.5 ನ್ಯಾನೋಮೀಟರ್, ಒಂದು ದಿನದ ಕಣ 12.5. ಅಲ್ಲೇ ಇದ್ದ ಕಣ ಬೆಳೆದದ್ದನ್ನು ಗಮನಿಸುವ ಸೋಮಾರಿತನವೂ ಒಂದು ಪ್ರತಿಭೆಯೇ.

ಅವರ ಬಳಿ ಕಲಿತ ಮೌಂಗಿ ಬವೆಂಡಿ ಬೇಕಾದ ಅಳತೆಗೆ ಡಾಟ್ ಮಾಡುವ ದಾರಿಯನ್ನು 1993ರಲ್ಲಿ ಹುಡುಕಿದರು. ಚೆನ್ನಾಗಿ ಕಾದ ದ್ರಾವಕಕ್ಕೆ ಬೇಕಾದ ರಾಸಾಯನಿಕಗಳನ್ನು ಒಮ್ಮೆಲೇ ಚುಚ್ಚುವುದು. ಎಲ್ಲ ಹರಳುಗಳೂ ಒಂದೇ ಕ್ಷಣದಲ್ಲಿ ಮೊಳೆಯುತ್ತವೆ, ಒಟ್ಟಿಗೆ ಬೆಳೆಯುತ್ತವೆ, ಬೇಕಾದ ಅಳತೆಗೆ ಬಂದಾಗ ನಿಲ್ಲಿಸಬಹುದು. ಹೇಳುವುದು ಸುಲಭ. ಒಮ್ಮೆ ನಾನು ಹಸಿರು ಡಾಟ್ ಮಾಡಲು ನಿಂತಿದ್ದೆ. ಫೋನ್ ಬಂತು. "ಆಮೇಲೆ ಮಾಡ್ತೀನಿ" ಎಂದು ಹೇಳಿ ತಿರುಗುವಷ್ಟರಲ್ಲಿ ಹಸಿರು ಹಳದಿಯಾಗಿ, ಕಿತ್ತಳೆಯಾಗಿ, ಕೆಂಪಿಗೆ ಬಂದು ಮುಟ್ಟಿತ್ತು. ಬೆಳೆದ ಹರಳನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ನನ್ನ ಕೆಂಪು ಸೀಸೆಯ ಹುಟ್ಟಿನ ಕಥೆ ಇದು.

ಈ ಮೂವರಿಗೂ 2023ರ ರಸಾಯನಶಾಸ್ತ್ರ ನೊಬೆಲ್ ಬಂತು. ಹೆಸರುಗಳಿದ್ದ ಪ್ರಕಟಣೆಯನ್ನು ಪ್ರಶಸ್ತಿ ಕೊಡುವ ಅಕಾಡೆಮಿಯವರು ಕೈತಪ್ಪಿ ಬೆಳಿಗ್ಗೆಯೇ ಸ್ವೀಡನ್ನಿನ ಪತ್ರಿಕೆಗಳಿಗೆ ಕಳಿಸಿಬಿಟ್ಟಿದ್ದರಿಂದ ಘೋಷಣೆಗೆ ಮೊದಲೇ ಗುಟ್ಟು ರಟ್ಟಾಗಿತ್ತು.

ಇದೆಲ್ಲ ಹಳೆಯದೇ, ರೋಮನ್ನರ ಕಾಲದಲ್ಲೇ ನ್ಯಾನೋ ತಂತ್ರಜ್ಞಾನ ಇತ್ತು ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರು ತೋರಿಸುವುದು ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ 4ನೇ ಶತಮಾನದ ಲೈಕರ್ಗಸ್ ಬಟ್ಟಲನ್ನು. ಮುಂದಿನಿಂದ ಬೆಳಕು ಬಿದ್ದರೆ ಹಸಿರು, ಹಿಂದಿನಿಂದ ಬಿದ್ದರೆ ಕೆಂಪು. ಅದರ ಗಾಜಿನಲ್ಲಿ ಚಿನ್ನ, ಬೆಳ್ಳಿಯ ನ್ಯಾನೋ ಕಣಗಳಿವೆ, ನಿಜ. ಬಹಳ ಚೆಂದದ ವಸ್ತು, ಅದೂ ನಿಜ. ಆದರೆ ಕಣಗಳಿವೆ ಎಂಬುದು ಮಾಡಿದವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದದ್ದು ಕಸುಬು, ತಂತ್ರಜ್ಞಾನ ಎನ್ನಲು ಆಗುವುದಿಲ್ಲ. ಅಲ್ಲದೆ ಅಲ್ಲಿನ ಬಣ್ಣ ಇಕ್ಕಟ್ಟಿನಿಂದ ಬಂದದ್ದಲ್ಲ, ಲೋಹದ ಎಲೆಕ್ಟ್ರಾನ್‌ಗಳೆಲ್ಲ ಗುಂಪಾಗಿ ತೂಗಾಡುವುದರಿಂದ ಬಂದದ್ದು. ಚಿನ್ನದ ಕೆಂಪು ದ್ರಾವಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳೇ ಇವೆ ಎಂದು ಪ್ರಯೋಗ ಮಾಡಿ ಹೇಳಿದವರು ಮೈಕೆಲ್ ಫ್ಯಾರಡೆ, 1857ರಲ್ಲಿ. ಅವರ ಕೆಲವು ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇವತ್ತಿಗೂ ಇವೆ. ಮಕ್ಕಳನ್ನು ಕೂರಿಸಿಕೊಂಡು ಒಂದು ಮೇಣದ ಬತ್ತಿ ಹಚ್ಚಿ ಇಡೀ ರಸಾಯನಶಾಸ್ತ್ರವನ್ನೇ ವಿವರಿಸುತ್ತಿದ್ದ ಮನುಷ್ಯ. ಸೀಸೆ ಹಿಡಿದು ಹೊರಡುವಾಗ ನನಗೆ ನೆನಪಾಗುವುದು ಅವರೇ.

ಇನ್ನು ಇದರ ಉಪಯೋಗ. ಟಿವಿ ಪರದೆಯ ವಿಷಯ ಬಿಡಿ, ಅದನ್ನು ಜಾಹೀರಾತುಗಳು ಸಾಕಷ್ಟು ಹೇಳುತ್ತವೆ. ನನಗೆ ಇಷ್ಟವಾದದ್ದು ಜೀವಶಾಸ್ತ್ರದವರು ಮಾಡಿದ ಕೆಲಸ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಡಾಟ್‌ಗಳನ್ನು ಜೀವಕೋಶಗಳಿಗೆ ಗುರುತಾಗಿ ಬಳಸಿದವು. ಅದುವರೆಗೆ ಬಳಸುತ್ತಿದ್ದ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತಿದ್ದವು. ಡಾಟ್ ಹೆಚ್ಚು ಹೊತ್ತು ಬಾಳುತ್ತದೆ. ಒಂದೇ ದೀಪಕ್ಕೆ ಎಲ್ಲ ಗಾತ್ರದವೂ ಅವವುಗಳ ಬಣ್ಣದಲ್ಲಿ ಬೆಳಗುತ್ತವೆ. 2003ರಲ್ಲಿ ನರಕೋಶದ ಪೊರೆಯ ಮೇಲಿರುವ ಗ್ರಾಹಕ ಎಂಬ ಪ್ರೋಟೀನ್‌ಗೆ ಒಂದೇ ಒಂದು ಡಾಟ್ ಅಂಟಿಸಿ, ಅದು ಎಲ್ಲೆಲ್ಲಿ ಓಡಾಡುತ್ತದೆ ಎಂದು ಹಿಂಬಾಲಿಸಿ ನೋಡಿದರು. ಕ್ಯಾಡ್ಮಿಯಮ್ ವಿಷ, ಹಾಗಾಗಿ ಮೈಯೊಳಗೆ ಬಿಡುವ ಮೊದಲು ನೂರು ಸಲ ಯೋಚಿಸಬೇಕು. ಇಂಡಿಯಮ್ ಫಾಸ್ಫೈಡ್‌ನಂಥ ಬದಲಿಗಳು ಬಂದಿರುವುದು ಅದಕ್ಕೇ. ನನ್ನ ಸೀಸೆಗಳ ಮುಚ್ಚಳವನ್ನು ನಾನು ಯಾರಿಗೂ ತೆರೆಯಲು ಬಿಡದಿರುವುದೂ ಅದಕ್ಕೇ.

ಒಂದೇ ಡಾಟನ್ನು ಅಂಟಿಸಿದ್ದೇವೆ, ಎರಡನ್ನಲ್ಲ, ಎಂದು ಅವರಿಗೆ ಹೇಗೆ ಗೊತ್ತಾಯಿತು? ಸಭೆಗೆ ಬಂದವರನ್ನು ಒಮ್ಮೊಮ್ಮೆ ಪ್ರಯೋಗಾಲಯಕ್ಕೂ ಕರೆದೊಯ್ದು ಸೂಕ್ಷ್ಮದರ್ಶಕದ ಪರದೆ ತೋರಿಸುತ್ತೇನೆ. ಕಪ್ಪು ಪರದೆಯ ಮೇಲೆ ಕೆಂಪು ಚುಕ್ಕಿಗಳು. ಒಬ್ಬ ಹಿರಿಯರು ಬಹಳ ಹೊತ್ತು ನೋಡಿದರು. "ವೈರು ಎಲ್ಲೋ ಲೂಸಾಗಿದೆ ಸ್ವಾಮಿ," ಅಂದರು. ಚುಕ್ಕಿಗಳು ಆರುತ್ತಿದ್ದವು, ಮತ್ತೆ ಹತ್ತುತ್ತಿದ್ದವು.

ವೈರು ಸರಿಯಾಗಿತ್ತು. ಒಂಟಿ ಡಾಟ್ ಮಿಣುಕುತ್ತದೆ ಎಂದು 1996ರಲ್ಲಿ ಮೊದಲು ಕಂಡದ್ದು. ಒಂದು ಎಲೆಕ್ಟ್ರಾನ್ ಡಾಟ್‌ನಿಂದ ಹೊರಗೆ ಜಾರಿ ಅಕ್ಕಪಕ್ಕದಲ್ಲೆಲ್ಲೋ ಸಿಕ್ಕಿಕೊಂಡರೆ ಒಳಗಿನ ಲೆಕ್ಕ ತಪ್ಪುತ್ತದೆ. ಆಗ ಹೀರಿದ ಶಕ್ತಿ ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ಡಾಟ್ ಆರುತ್ತದೆ. ಎಲೆಕ್ಟ್ರಾನ್ ಮರಳಿ ಬಂದಾಗ ಮತ್ತೆ ಹತ್ತುತ್ತದೆ. ಲೆಕ್ಕವಿಲ್ಲದಷ್ಟು ಡಾಟ್‌ಗಳು ಒಟ್ಟಿಗಿರುವ ಸೀಸೆಯಲ್ಲಿ ಇದು ಕಾಣುವುದಿಲ್ಲ. ಎರಡು ಡಾಟ್ ಒಂದೇ ಕಡೆ ಇದ್ದರೂ ಒಂದು ಆರಿದಾಗ ಇನ್ನೊಂದು ಹತ್ತಿರುವ ಸಂಭವ ಜಾಸ್ತಿ. ಪೂರ್ತಿ ಆರಿ ಪೂರ್ತಿ ಹತ್ತುವುದು ಒಂಟಿಯಾಗಿರುವುದು ಮಾತ್ರ.

ಇದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ, ಒಂದು ಚುಕ್ಕಿಯ ಮೇಲೆ ಬೆರಳಿಟ್ಟು ಕೇಳಿದರು: "ಇದು ಈಗ ಆರಿದೆಯಲ್ಲ, ಮತ್ತೆ ಯಾವಾಗ ಹತ್ತುತ್ತೆ?"

ಇಂಥ ಒಂದು ಸಾವಿರ ಚುಕ್ಕಿಗಳಿದ್ದರೆ ಎಷ್ಟು ಹೊತ್ತಿಗೆ ಎಷ್ಟು ಹತ್ತುತ್ತವೆ ಎಂದು ಹೇಳಬಲ್ಲೆ, ಈ ಒಂದು ಯಾವಾಗ ಎಂದು ಹೇಳಲಾರೆ ಅಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಪರದೆ ನೋಡುತ್ತ ಕಾದೆವು.