ಕೆಜಿಎಫ್ ಮೈದಾನದ ಹುಡುಗ ಕೋಚ್ ಆಗುವವರೆಗೆ

ಬೆಳಿಗ್ಗೆ ಐದೂವರೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಟೀ ಅಂಗಡಿ ಬಿಟ್ಟರೆ ಬೇರೆ ಯಾವುದೂ ಬಾಗಿಲು ತೆಗೆದಿಲ್ಲ. ಮೈದಾನದ ಮೂಲೆಯಲ್ಲಿ ಒಬ್ಬರು ಸಿಮೆಂಟ್ ಚೀಲದಿಂದ ಫುಟ್‌ಬಾಲ್ ಚೆಂಡು ಸುರಿಯುತ್ತಿದ್ದಾರೆ. ಒಟ್ಟು ಏಳು. ಒಂದರ ಹೊಲಿಗೆ ಬಿಚ್ಚಿದೆ. ಕೋನ್ ಬದಲು ಅರ್ಧ ಕತ್ತರಿಸಿದ ನೀರಿನ ಬಾಟಲಿ ಇಟ್ಟಿದ್ದಾರೆ. ಗಾಳಿಗೆ ಹಾರದಿರಲಿ ಅಂತ ಒಳಗೆ ಒಂದೊಂದು ಹಿಡಿ ಮಣ್ಣು. ಹುಡುಗರು ಇಪ್ಪತ್ತೆರಡು ಮಂದಿ, ಬೂಟು ಇರುವವರು ಹದಿನಾಲ್ಕು. ಚೆಂಡು ಸುರಿಯುತ್ತಿರುವವರು ಕೋಚ್. ಒಂದು ಕಾಲದಲ್ಲಿ ಬೆಂಗಳೂರು ಲೀಗಿನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರ, ಆಗಿ ಆಡಿದವರು. ಈಗ ಎಡ ಮೊಣಕಾಲಿಗೆ ನೀ ಕ್ಯಾಪ್ ಇಲ್ಲದೆ ಓಡುವುದಿಲ್ಲ.

ಮಗನನ್ನು ಬಿಡಲು ಬಂದ ತಂದೆಯೊಬ್ಬರು ಸ್ಕೂಟರ್ ಆಫ್ ಮಾಡದೇನೇ ಕೇಳಿದರು: "ಸಾರ್, ಇದರಲ್ಲಿ ಮುಂದೆ ಕೆಲಸ ಏನಾದ್ರೂ ಸಿಗುತ್ತಾ?"

ಕೆಜಿಎಫ್‌ನಲ್ಲಿ ಇದು ಅಜ್ಜಂದಿರ ಕಾಲದ ಪ್ರಶ್ನೆ. ಆಗ ಇದಕ್ಕೆ ಸಲೀಸಾದ ಉತ್ತರವೂ ಇತ್ತು. ಅದು ಹೇಗೆ ಕೈತಪ್ಪಿತು ಅಂತ ನೋಡಿದರೆ, ಒಬ್ಬ ಹುಡುಗ ಆಟಗಾರನಾಗಿ, ಆಮೇಲೆ ಕೋಚ್ ಆಗುವ ದಾರಿ ಇವತ್ತು ಯಾಕೆ ಇಷ್ಟು ಸುತ್ತುಬಳಸು ಅನ್ನುವುದೂ ಗೊತ್ತಾಗುತ್ತದೆ.

ಕೋಲಾರದ ಚಿನ್ನದ ಗಣಿಗೆ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಕರೆಂಟಿಗಿಂತ ಮೊದಲೇ ಬಂದವರು ಬ್ರಿಟಿಷ್ ಅಧಿಕಾರಿಗಳು, ಅವರ ಜೊತೆ ಅವರ ಕ್ಲಬ್ಬು, ಅವರ ಆಟ. ಕ್ಲಬ್ಬಿನೊಳಗೆ ಕಾರ್ಮಿಕರಿಗೆ ಜಾಗ ಇರಲಿಲ್ಲ. ಫುಟ್‌ಬಾಲಿಗೆ ಕ್ಲಬ್ಬಿನ ಗೋಡೆ ಬೇಕಿರಲಿಲ್ಲ. ಒಂದು ಚೆಂಡು, ಚೂರು ಬಯಲು ಸಾಕು. ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂನ ಕಾರ್ಮಿಕರ ಮನೆಸಾಲುಗಳಲ್ಲಿ, ಅಂದರೆ ಲೈನ್‌ಗಳಲ್ಲಿ, ತಮಿಳು, ತೆಲುಗು, ಕನ್ನಡ ಮೂರೂ ಕಲಸಿಕೊಂಡು ಬೆಳೆದ ಮಕ್ಕಳಿಗೆ ಆಟ ಹಿಡಿಸಿತು. ಮೂರು ಕಿಲೋಮೀಟರ್‌ಗಿಂತ ಆಳದ ಗಣಿಗೆ ಇಳಿದು ಬಂದವನಿಗೆ ಸಂಜೆ ಬಯಲಲ್ಲಿ ಓಡುವುದೇ ಒಂದು ಸುಖ ಅಲ್ವಾ?

ಆಗ ಆಟದಿಂದ ಯಾರೂ ಸಂಬಳ ಕಾಣಲಿಲ್ಲ. ಇಡೀ ದೇಶದಲ್ಲೇ ಹೆಚ್ಚುಕಮ್ಮಿ ಹಾಗೆ. ಆದರೆ ಚೆನ್ನಾಗಿ ಆಡಿದರೆ ಕೆಲಸ ಸಿಗುತ್ತಿತ್ತು. ಬೆಂಗಳೂರಿನಲ್ಲಿ ವಿಮಾನ ಮಾಡುವ ಎಚ್‌ಎಎಲ್, ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಗಳು, ಸೇನೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಇವೆಲ್ಲ ತಂಡ ಕಟ್ಟಿದ್ದವು. ಬೆಳಿಗ್ಗೆ ಹಾಜರಿ ಹಾಕು, ಮಧ್ಯಾಹ್ನ ಪ್ರಾಕ್ಟೀಸು, ತಿಂಗಳ ಕೊನೆಗೆ ಸಂಬಳ. ಮೊಣಕಾಲು ಹೋದರೂ ಕೆಲಸ ಹೋಗುತ್ತಿರಲಿಲ್ಲ. ಆಟ ಬಿಟ್ಟ ಮೇಲೆ ಅದೇ ತಂಡದ ಹುಡುಗರಿಗೆ ಹೇಳಿಕೊಡುತ್ತಾ ಇದ್ದರೆ, ಅವನೇ ಕೋಚ್. ಅದಕ್ಕೆ ಬೇರೆ ಅರ್ಜಿ ಇಲ್ಲ. ನನ್ನ ಲೆಕ್ಕದಲ್ಲಿ ಆ ವ್ಯವಸ್ಥೆಯ ಜಾಣತನ ಇದ್ದದ್ದೇ ಇಲ್ಲಿ: ಆಟಗಾರನಿಗೂ ಕೋಚ್‌ಗೂ ನಡುವಿನ ಖಾಲಿ ವರ್ಷಗಳನ್ನು ನೌಕರಿ ತುಂಬುತ್ತಿತ್ತು.

ಆ ಪದ್ಧತಿಯಲ್ಲೇ ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷ ಬರಗಾಲ. ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಅದೂ ದೂರದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ.

ಕೋಚ್ ಅನ್ನುವವನು ಆಗ ಎಲ್ಲಿಂದ ಬರುತ್ತಿದ್ದ? ದೇಶದ ಅತಿ ದೊಡ್ಡ ಕೋಚ್‌ನನ್ನೇ ನೋಡಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸ್ಕೂಲ್ ಮೇಷ್ಟ್ರು. ಅವರ ಕೈಕೆಳಗೆ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ನಮ್ಮ ಕಡೆ ಇವತ್ತಿಗೂ ಎಷ್ಟೋ ಊರುಗಳಲ್ಲಿ ಮೊದಲ ಕೋಚ್ ಅಂದರೆ ಪಿ.ಟಿ. ಮೇಷ್ಟ್ರೇ. ಮುಂದೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಬಂತು. ಅದು ಕೈಯಲ್ಲಿದ್ದರೆ ಸರ್ಕಾರಿ ಕೋಚ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಸೈರನ್ ನಿಂತಿತು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬ ಮಾತ್ರ ಉಳಿಯಿತು. ಊರಿನ ಅರ್ಧ ಜನ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ವಾಪಸ್ ಬರುವವರಾದರು. ಸಂಜೆ ಐದಕ್ಕೆ ಮೈದಾನದಲ್ಲಿರಬೇಕಾದ ಮೂವತ್ತರ ಗಂಡಸು ಆ ಹೊತ್ತಿಗೆ ಬೆಂಗಳೂರಲ್ಲಿ ಕೆಲಸದ ಮೇಲಿದ್ದಾನೆ. ಚಿಕ್ಕವರಿಗೆ ಹೇಳಿಕೊಡುವವರೇ ಊರಲ್ಲಿಲ್ಲ. ಫುಟ್‌ಬಾಲ್ ಸೊರಗಿದ್ದಕ್ಕೆ ಕ್ರಿಕೆಟ್ ಕಾರಣ ಅಂತ ಸುಮ್ನೆ ಬೈಯುತ್ತಾರೆ. ರೈಲಿನ ಟೈಮ್‌ಟೇಬಲ್ ಅದಕ್ಕಿಂತ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಗಣಿ ಮುಚ್ಚುವ ಹೊತ್ತಿಗೆ ದೇಶದ ಫುಟ್‌ಬಾಲೂ ಮಗ್ಗುಲು ಬದಲಿಸತೊಡಗಿತ್ತು. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯಿತು. 2007ರಲ್ಲಿ ಅದು ಐ-ಲೀಗ್ ಆಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು. ಇತ್ತ ಕಂಪನಿ ತಂಡಗಳು ಒಂದೊಂದಾಗಿ ಕಣ್ಣುಮುಚ್ಚಿದವು. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ. ನೌಕರಿಯ ಜಾಗಕ್ಕೆ ಒಪ್ಪಂದ ಬಂತು.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಲೆಕ್ಕದಲ್ಲಿ ವೃತ್ತಿಪರ ಆಟಗಾರ ಅಂದರೆ ಎರಡೇ ಮಾತು: ಕ್ಲಬ್ಬಿನ ಜೊತೆ ಲಿಖಿತ ಒಪ್ಪಂದ ಇರಬೇಕು, ಆಟಕ್ಕೆ ತಗಲುವ ಖರ್ಚಿಗಿಂತ ಜಾಸ್ತಿ ಹಣ ಕೈಗೆ ಬರಬೇಕು. 18 ತುಂಬದ ಹುಡುಗನ ಜೊತೆ ಮೂರು ವರ್ಷಕ್ಕಿಂತ ಜಾಸ್ತಿ ಒಪ್ಪಂದ ಮಾಡುವಂತಿಲ್ಲ. ದೊಡ್ಡವರಿಗೂ ಸಾಮಾನ್ಯವಾಗಿ ಐದು ವರ್ಷವೇ ಕೊನೆ. ಹಳೇ ನೌಕರಿ 58ರವರೆಗೆ ಇತ್ತು ಅಂತ ನೆನಪಿಸಿಕೊಂಡರೆ ವ್ಯತ್ಯಾಸ ತಾನಾಗೇ ಕಾಣುತ್ತದೆ. ಸಂಬಳ ದೊಡ್ಡದಾಯಿತು, ಬಾಳಿಕೆ ಕಮ್ಮಿಯಾಯಿತು.

ಹುಡುಗನ ದಾರಿಯೂ ಬದಲಾಯಿತು. ಹನ್ನೆರಡು ಹದಿಮೂರಕ್ಕೆ ಟ್ರಯಲ್ಸ್, ಆಯ್ಕೆಯಾದರೆ ಅಕಾಡೆಮಿ ಹಾಸ್ಟೆಲ್, ಆಮೇಲೆ ವಯೋಮಿತಿ ಲೀಗುಗಳು, ರಿಸರ್ವ್ ತಂಡ, ಅದೃಷ್ಟ ಇದ್ದರೆ ಸೀನಿಯರ್ ಬೆಂಚು. 2017ರ ಅಂಡರ್-17 ವಿಶ್ವಕಪ್‌ನಲ್ಲಿ ಕೊಲಂಬಿಯಾ ಎದುರು ಭಾರತದ ಜೀಕ್ಸನ್ ಸಿಂಗ್ ತಲೆಯಿಂದ ಗೋಲು ಹೊಡೆದದ್ದು ನಿಮಗೆ ನೆನಪಿರಬಹುದು. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಅದು. ಆ ಕಾರ್ನರ್ ಒದ್ದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಅವನು ಪಳಗಿದ್ದು ಚಂಡೀಗಢದ ಅಕಾಡೆಮಿಯಲ್ಲಿ. ಬೆಂಗಳೂರಿನ ಹುಡುಗನೇ ಅಷ್ಟು ದೂರ ಹೋಗಬೇಕಾಯಿತು ಅಂದರೆ ಕೆಜಿಎಫ್ ಹುಡುಗನ ಗತಿ ಏನು, ನೀವೇ ಯೋಚಿಸಿ.

ಹಾಗೆ ಹೋದ ಹುಡುಗನನ್ನು ಮೊದಲು ತಿದ್ದಿದ ಮೈದಾನಕ್ಕೆ ಏನಾದರೂ ಸಿಗುತ್ತಾ? ನಿಯಮದಲ್ಲಿ ಸಿಗಬೇಕು. ಒಪ್ಪಂದದ ನಡುವೆ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ವರ್ಗಾವಣೆಗೆ ಕೊಡುವ ಮೊತ್ತದ ಶೇ 5ರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು ಅಂತ ಫಿಫಾ ಹೇಳುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ಮುಂದಿನ ಪ್ರತಿ ವರ್ಷಕ್ಕೆ ಶೇ 0.5. ಒಂದು ಕೋಟಿಯ ವರ್ಗಾವಣೆ ಅಂತಿಟ್ಟುಕೊಳ್ಳಿ. ಮೊದಲ ನಾಲ್ಕು ವರ್ಷ ಹೇಳಿಕೊಟ್ಟ ಕ್ಲಬ್ಬಿಗೆ ಒಂದು ಲಕ್ಷ. ನಮ್ಮ ಏಳು ಚೆಂಡಿನ ಚೀಲಕ್ಕೆ ಅದು ಹಬ್ಬ. ಆದರೆ ಆ ಹಣ ಬರುವುದು ಹುಡುಗನ ಹೆಸರು ನೋಂದಾಯಿಸಿದ್ದ ಕ್ಲಬ್ಬಿಗೆ ಮಾತ್ರ. ಮರದ ಕೆಳಗೆ ಹೇಳಿಕೊಟ್ಟವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ.

ಇನ್ನು ಕೋಚ್ ಆಗುವ ಮಾತು. ಈಗ ಅದು ಮೆಟ್ಟಿಲು. ಮೊದಲು ಕೋಚಿಂಗ್‌ನ ಡಿ ಲೈಸೆನ್ಸ್, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಡಿ ಬೇಸಿಕ್ ಕೋರ್ಸು, ಕೆಲವೇ ದಿನದ್ದು. ಮೇಲೆ ಹೋದ ಹಾಗೆ ದಿನವೂ ಜಾಸ್ತಿ, ಫೀಸೂ ಜಾಸ್ತಿ. ನಡುವೆ ತಂಡವೊಂದರ ಜೊತೆ ಕೆಲಸ ಮಾಡಿ ತೋರಿಸಬೇಕು. ಹಳೇ ಕಾಲದಲ್ಲಿ ಕಾರ್ಖಾನೆ ಸಂಬಳ ಕೊಡುತ್ತಿದ್ದ ವರ್ಷಗಳಲ್ಲಿ ಈಗಿನವರು ಕೈಯಿಂದ ಖರ್ಚು ಮಾಡಬೇಕು. ನಮ್ಮ ಲೆಫ್ಟ್ ಬ್ಯಾಕ್ ಡಿ ಮುಗಿಸಿ ಅಲ್ಲೇ ನಿಂತಿದ್ದಾರೆ. ಸಿ ಕೋರ್ಸಿಗೆ ಕೂಡಿಟ್ಟಿದ್ದ ದುಡ್ಡು ಮೊಣಕಾಲಿನ ಆಪರೇಷನ್‌ಗೆ ಹೋಯಿತಂತೆ.

ಈ ದಾರಿಯನ್ನು ಪೂರ್ತಿ ನಡೆದವರೂ ಇದ್ದಾರೆ. ಖಾಲಿದ್ ಜಮೀಲ್ ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ, ಮುಂಬೈ ಎಫ್‌ಸಿಗೆ ಮಿಡ್‌ಫೀಲ್ಡರ್ ಆಗಿದ್ದರು. ಗಾಯಗಳು ಬೆನ್ನು ಬಿಡಲಿಲ್ಲ. 2009ರಲ್ಲಿ ಅದೇ ಮುಂಬೈ ಎಫ್‌ಸಿಯ ಕೋಚ್ ಆದರು. 2016-17ರಲ್ಲಿ ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಐ-ಲೀಗ್ ಗೆಲ್ಲಿಸಿಕೊಟ್ಟರು. ಹಿಂದಿನ ಸೀಸನ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಜಾರಿ, ಹೇಗೋ ವಾಪಸ್ ಸೇರಿಸಿಕೊಂಡಿದ್ದ ತಂಡ ಅದು! 2021ರಲ್ಲಿ ಐಎಸ್‌ಎಲ್‌ನ ಮೊದಲ ಪೂರ್ಣಾವಧಿ ಭಾರತೀಯ ಮುಖ್ಯ ಕೋಚ್, 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಕೋಚ್. ಹದಿನಾರು ವರ್ಷ ಹಿಡಿಯಿತು.

ಚೆನ್ನಾಗಿ ಆಡಿದವನೆಲ್ಲ ಚೆನ್ನಾಗಿ ಹೇಳಿಕೊಡುತ್ತಾನೆ ಅಂತೇನಿಲ್ಲ. ಅವತ್ತು ಬೆಳಿಗ್ಗೆ ಅದನ್ನು ಕಣ್ಣಾರೆ ಕಂಡೆ. ಐದು ಜನ ವೃತ್ತದಲ್ಲಿ, ನಡುವೆ ಇಬ್ಬರು ಚೆಂಡು ಕಸಿಯಲು. ಒಬ್ಬ ಹುಡುಗ ಪದೇಪದೇ ಚೆಂಡು ಕಳೆದುಕೊಳ್ಳುತ್ತಿದ್ದ. ನೋಡುತ್ತಿದ್ದ ಹಳೇ ಆಟಗಾರರೊಬ್ಬರಿಗೆ ತಡೆಯಲಾಗದೆ, ತಾವೇ ನುಗ್ಗಿ ಸೊಗಸಾಗಿ ಪಾಸ್ ಮಾಡಿ ತೋರಿಸಿದರು. "ಹೀಗೆ ಒದಿಯೋ!" ಹುಡುಗ ತಲೆಯಾಡಿಸಿದ, ಮತ್ತೆ ಕಳೆದುಕೊಂಡ. ಈ ಸಲ ಕೋಚ್ ವಿಸಲ್ ಊದಿದರು. ಎಲ್ಲರೂ ಇದ್ದಲ್ಲೇ ನಿಂತರು.

"ತಿರುಗಬೇಡ. ನಿನ್ನ ಹಿಂದೆ ಯಾರಿದ್ದಾರೆ ಹೇಳು?"

ಹುಡುಗನಿಗೆ ಗೊತ್ತಿಲ್ಲ.

"ಚೆಂಡು ಬರೋಕೆ ಮೊದಲು ಒಂದ್ಸಲ ಹಿಂದೆ ನೋಡು. ಅಷ್ಟೇ ಸಾಕು."

ಎರಡನೇ ಸಲಕ್ಕೆ ಪಾಸ್ ಸರಿಹೋಯಿತು. ತಪ್ಪು ಇದ್ದದ್ದು ಹುಡುಗನ ಕಣ್ಣಿನಲ್ಲಿ, ಹಳೇ ಆಟಗಾರರು ತಿದ್ದಲು ಹೋದದ್ದು ಕಾಲನ್ನು. ಲೈಸೆನ್ಸ್ ಕೋರ್ಸುಗಳ ಬಗ್ಗೆ ನನಗೆ ಗೊಣಗಾಟ ಇದೆ. ಆದರೂ ಆಟ ನಿಲ್ಲಿಸಿ ಪ್ರಶ್ನೆ ಕೇಳುವ ಈ ಅಭ್ಯಾಸವನ್ನು ಅವು ಕಲಿಸುತ್ತವೆ ಅನ್ನುವುದನ್ನು ಒಪ್ಪಬೇಕು.

ಆ ತಂದೆ ಇನ್ನೂ ಹೊರಟಿರಲಿಲ್ಲ. ಕೋಚ್ ಬೆವರು ಒರೆಸಿಕೊಳ್ಳುತ್ತಾ ಸ್ಕೂಟರ್ ಹತ್ತಿರ ಬಂದರು.

"ಕೆಲಸದ ಮಾತು ಆಮೇಲೆ ಸಾರ್. ಮೊದಲು ಬರ್ತ್ ಸರ್ಟಿಫಿಕೇಟ್ ತಂದುಕೊಡಿ. ಸ್ಕೂಲಲ್ಲಿ ಬರೆಸಿರೋ ಡೇಟು, ಅದರಲ್ಲಿರೋ ಡೇಟು ಒಂದೇನಾ ನೋಡ್ಬೇಕು. ಈ ವಾರವೇ ಹೆಸರು ರಿಜಿಸ್ಟರ್ ಮಾಡಿಸ್ತೀನಿ."

ತಂದೆ ಸ್ವಲ್ಪ ಹೊತ್ತು ಯೋಚಿಸಿದರು. "ಒಂದೇ ಇರಲ್ಲ ಸಾರ್," ಅಂದು ಸ್ಕೂಟರ್ ಆಫ್ ಮಾಡಿದರು.