ಗೋಧಿ ಮಲಗಿದ್ದೇಕೆ, ಎದ್ದು ನಿಂತಿದ್ದು ಹೇಗೆ?

2023ರ ಮಾರ್ಚ್ ಕೊನೆಯಲ್ಲಿ ಪಂಜಾಬ್, ಹರಿಯಾಣದಲ್ಲಿ ಅಕಾಲಿಕ ಮಳೆ ಸುರಿಯಿತು. ಜೊತೆಗೆ ಜೋರು ಗಾಳಿ. ಕಟಾವು ಹತ್ತಿರ ಬಂದಿತ್ತು. ಎಷ್ಟೋ ಹೊಲಗಳಲ್ಲಿ ಗೋಧಿ ಚಾಪೆ ಹಾಸಿದ ಹಾಗೆ ನೆಲಕ್ಕೆ ಒರಗಿತು. ಬೆಳೆ ಮಲಗುವುದು ಅಂದರೆ ಇದೇ. ಮಲಗಿದ ಪೈರಿನಲ್ಲಿ ಕಾಳು ಜೊಳ್ಳಾಗುತ್ತದೆ, ತೇವಕ್ಕೆ ಬಣ್ಣಗೆಡುತ್ತದೆ. ಕೆಲವೊಮ್ಮೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಕೊಯ್ಯುವ ಯಂತ್ರಕ್ಕೂ ಸರಿಯಾಗಿ ಸಿಗುವುದಿಲ್ಲ.

ಹಸಿರು ಕ್ರಾಂತಿ ಅಂದ ಕೂಡಲೇ ನಾವು ಗೊಬ್ಬರ, ನೀರು, ಇಳುವರಿ ಅನ್ನುತ್ತೇವೆ. ನನಗೆ ಅದು ಎಲ್ಲಕ್ಕಿಂತ ಮೊದಲು ಕಾಂಡದ ಕಥೆ.

ಗೋಧಿಯ ಕಾಂಡ ಬಿದಿರಿನ ಹಾಗೆ. ಗೆಣ್ಣಿನಲ್ಲಿ ಗಟ್ಟಿ, ನಡುವೆ ಸಾಮಾನ್ಯವಾಗಿ ಟೊಳ್ಳು. ಕಾಳು ತುಂಬಿದ ತೆನೆಯ ಭಾರ ತುದಿಯಲ್ಲಿ, ಗಾಳಿಯ ಪೆಟ್ಟು ಬುಡದಲ್ಲಿ. ಗಿಡ ಎತ್ತರವಾದಷ್ಟೂ ಬುಡದ ಮೇಲೆ ಜಗ್ಗು ಜಾಸ್ತಿ. ಅಲ್ಲಿನ ಒಂದೆರಡು ಗೆಣ್ಣುಗಳ ನಡುವಿನ ಭಾಗ ಗಿಡ್ಡವಾಗಿ, ದಪ್ಪವಾಗಿದ್ದರೆ, ಅದರ ಗೋಡೆಯಲ್ಲಿ ಲಿಗ್ನಿನ್ (ಕಾಂಡಕ್ಕೆ ಗಟ್ಟಿತನ ಕೊಡುವ ವಸ್ತು) ತುಂಬಿ ಬಿಗಿಯಾಗಿದ್ದರೆ ಗಿಡ ತಡೆದುಕೊಳ್ಳುತ್ತದೆ. ಯೂರಿಯಾ ಹೆಚ್ಚಾದರೆ ಇದೆಲ್ಲ ತಿರುಗುಮುರುಗು. ಬುಡದಿಂದ ತೆಂಡೆ, ಅಂದರೆ ಮರಿ ಕಾಂಡ, ಜಾಸ್ತಿ ಒಡೆಯುತ್ತದೆ, ಎಲೆ ದಟ್ಟವಾಗುತ್ತದೆ, ಬುಡಕ್ಕೆ ಬೆಳಕು ಬೀಳುವುದಿಲ್ಲ. ನೆರಳಲ್ಲಿ ಬೆಳೆದ ಕಾಂಡ ಉದ್ದವಾಗಿ, ತೆಳ್ಳಗೆ ಆಗುತ್ತದೆ. ಮಣ್ಣು ನೆನೆದು ಬೇರಿನ ಹಿಡಿತ ಸಡಿಲವಾಗಿ, ಕಾಂಡ ಮುರಿಯದೆಯೇ ಇಡೀ ಗಿಡ ವಾಲುವುದೂ ಉಂಟು.

ನಮ್ಮ ಹಳೆಯ ತಳಿಗಳು ಸುಮಾರು ನಾಲ್ಕು ಅಡಿ ಎತ್ತರ. ಗೊಬ್ಬರ ಹೆಚ್ಚು ಹಾಕಿದರೆ ಬೀಳುತ್ತಿದ್ದವು. ಕಾಳು ಹೆಚ್ಚಿಸಲು ಹಾಕಿದ್ದೇ ಕಾಳನ್ನು ಕೆಡಿಸಿದರೆ ರೈತ ಏನು ಮಾಡಬೇಕು? ಮೆಕ್ಸಿಕೋದಲ್ಲಿ ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ತುಕ್ಕು ರೋಗ ತಡೆಯುವ ತಳಿ ಬೆಳೆಸಿದಾಗಲೂ ಎದುರಾದದ್ದು ಇದೇ ಕಷ್ಟ.

ಈ ಕಷ್ಟಕ್ಕೆ ಉತ್ತರ ಇದ್ದದ್ದು ಜಪಾನಿನಲ್ಲಿ. ಅಮೆರಿಕದಿಂದ ಸಲಹೆಗಾರರಾಗಿ ಅಲ್ಲಿಗೆ ಹೋಗಿದ್ದ ಹೊರೇಸ್ ಕ್ಯಾಪ್ರನ್, ಅಲ್ಲಿನ ಗೋಧಿ ಎರಡಡಿ ದಾಟುವುದೇ ಅಪರೂಪ, ಗೊಬ್ಬರ ಎಷ್ಟಿದ್ದರೂ ಬೀಳುವುದಿಲ್ಲ ಎಂದು 1873ರಲ್ಲೇ ಬರೆದಿದ್ದರು. ಆ ಗುಣ ಹೊರಗೆ ಬರಲು ಎಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಪಾನಿನ ತಳಿ ತಜ್ಞ ಗೊಂಜಿರೋ ಇನಾಜುಕಾ, ದರುಮಾ ಎಂಬ ಗಿಡ್ಡ ಗೋಧಿಯ ವಂಶವನ್ನು ಅಮೆರಿಕದ ತಳಿಗಳೊಂದಿಗೆ ಬೆರೆಸಿ ತೆಗೆದ 'ನೋರಿನ್ 10' ತಳಿ 1935ರಲ್ಲಿ ನೋಂದಣಿಯಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಮೆರಿಕದ ಕೃಷಿ ವಿಜ್ಞಾನಿ ಸೆಸಿಲ್ ಸಾಲ್ಮನ್ ಅದರ ಬೀಜವನ್ನು ಅಮೆರಿಕಕ್ಕೆ ಕಳಿಸಿದರು. ವಾಷಿಂಗ್ಟನ್ ರಾಜ್ಯದಲ್ಲಿ ಗೋಧಿ ತಳಿ ತಜ್ಞ ಓರ್ವಿಲ್ ವೋಗೆಲ್ ಅದನ್ನು ಸ್ಥಳೀಯ ತಳಿಗೆ ಬೆರೆಸಿದರು. ಅವರಿಂದ ಬೋರ್ಲಾಗ್ ಕೈಗೆ ಬಂತು.

1963ರಲ್ಲಿ ಬೋರ್ಲಾಗ್ ಭಾರತಕ್ಕೆ ಬಂದರು. ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ಇಲ್ಲಿನ ಹೊಲಗಳಲ್ಲಿ ಆ ಗಿಡ್ಡ ತಳಿಗಳನ್ನು ಪರೀಕ್ಷಿಸಿದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ಬಂತು. ಅದರ ಕೆಂಪು ಕಾಳು ನಮ್ಮ ಚಪಾತಿಗೆ ಒಗ್ಗಲಿಲ್ಲ. ಆಮೇಲೆ ಬಂದ ಕಲ್ಯಾಣ ಸೋನಾ, ಸೋನಾಲಿಕಾ ತಳಿಗಳು ಕಾಳಿನ ಬಣ್ಣವನ್ನೂ ಸರಿಮಾಡಿದವು. ಗಿಡ್ಡ ಗಿಡದಿಂದ ಇನ್ನೊಂದು ಲಾಭವೂ ಆಯಿತು. ಕಾಂಡಕ್ಕೆ ಹೋಗುತ್ತಿದ್ದ ಆಹಾರದ ಒಂದು ಪಾಲು ತೆನೆಗೆ ಸೇರಿತು.

ಗಿಡ್ಡವಾದದ್ದು ಹೇಗೆ? ಜಿಬ್ಬರೆಲಿನ್ ಎಂಬ ಹಾರ್ಮೋನು ಕಾಂಡದ ಜೀವಕೋಶಗಳನ್ನು ಉದ್ದ ಮಾಡುತ್ತದೆ. ಇದನ್ನು ತಡೆಯುವ ಒಂದು ಪ್ರೋಟೀನ್ ಇದೆ. ಸಾಮಾನ್ಯ ಗೋಧಿಯಲ್ಲಿ ಹಾರ್ಮೋನು ಬಂದರೆ ಆ ತಡೆ ಕರಗುತ್ತದೆ. ನೋರಿನ್ ವಂಶದಲ್ಲಿ ಅದು ಕರಗುವುದೇ ಇಲ್ಲ. ಈ ಗುಟ್ಟು ಬಯಲಾದದ್ದು 1999ರಲ್ಲಿ. ಅಷ್ಟರಲ್ಲಿ ಕೋಟ್ಯಂತರ ಜನ ಆ ಗೋಧಿ ತಿಂದಾಗಿತ್ತು!

ಆದರೆ ಎತ್ತರ ಇಳಿಸುತ್ತಾ ಹೋಗಲು ಆಗುವುದಿಲ್ಲ. ತೀರಾ ಗಿಡ್ಡವಾದರೆ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು ಇಳುವರಿ ಕುಗ್ಗುತ್ತದೆ. ಹಾಗಾಗಿ ತಳಿ ತಜ್ಞರು ಈಗ ಬುಡದ ದಪ್ಪ, ಗೋಡೆಯ ಗಟ್ಟಿತನ, ಬೇರಿನ ಹರವು ಅಳೆಯುತ್ತಿದ್ದಾರೆ.

ನೋರಿನ್ ವಂಶದ ಈ ಗುಣಕ್ಕೆ ಒಂದು ಬೆಲೆಯೂ ಇದೆ. ಮೊಳಕೆಯ ಸುಳಿಯನ್ನು ಕಾಪಾಡುತ್ತಾ ಮಣ್ಣು ಸೀಳಿ ಬರುವ ಹೊದಿಕೆಯೂ ಅದರಿಂದ ಗಿಡ್ಡವಾಗುತ್ತದೆ. ನೀರಾವರಿ ಇದ್ದಲ್ಲಿ ತೊಂದರೆಯಿಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಂಥ ಕಡೆ, ಮೇಲ್ಮಣ್ಣು ಒಣಗಿದಾಗ ತೇವ ಹುಡುಕಿ ಬೀಜವನ್ನು ಆಳಕ್ಕೆ ಬಿಡಬೇಕಾಗುತ್ತದೆ. ಆಗ ಗಿಡ್ಡ ಹೊದಿಕೆಯ ಮೊಳಕೆ ಮೇಲೆ ಬರುವುದೇ ಕಷ್ಟ. ಒಣಬೇಸಾಯದ ಹೊಲದಲ್ಲಿ ಬಿಜಗಾ ಯೆಲ್ಲೋದಂಥ ಎತ್ತರದ ತಳಿಗಳು ಬಹಳ ಕಾಲ ಉಳಿದುಕೊಂಡವು. ಕಾಂಡವನ್ನಷ್ಟೇ ಗಿಡ್ಡ ಮಾಡಿ, ಈ ಹೊದಿಕೆಯನ್ನು ಮುಟ್ಟದ ಬೇರೆ ವಂಶವಾಹಿಗಳೂ ಇವೆ. ಆಸ್ಟ್ರೇಲಿಯಾದ ಒಣ ಪ್ರದೇಶಗಳಿಗಾಗಿ ಅವನ್ನು ಬಳಸಿ ಹೊಸ ತಳಿ ತೆಗೆಯುವ ಕೆಲಸ ನಡೆದಿದೆ.