ಆರ್‌ಎಂಎಸ್ ವಾಟ್: ಆಂಪ್ಲಿಫೈಯರ್ ಡಬ್ಬಿಯ ಮೇಲೆ ನೋಡಬೇಕಾದ ಅಂಕಿ

ದಾವಣಗೆರೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಆಂಪ್ಲಿಫೈಯರ್ ಕೇಳಿದರೂ ಮೊದಲು ಬರುವ ಪ್ರಶ್ನೆ, "ಎಷ್ಟು ವಾಟಿಂದು ಬೇಕು ಸರ್?" ಮನೆಯ ಹೋಂ ಥಿಯೇಟರಿಗೆ ಇನ್ನೊಂದಿಷ್ಟು ದಮ್ ಬರಲಿ ಅಂತ ಹೊರಟವರು ಇಲ್ಲೇ ತಡವರಿಸುತ್ತಾರೆ. ಒಂದು ಡಬ್ಬಿಯ ಮೇಲೆ 5000 ವಾಟ್ ಅಂತ ಇರುತ್ತದೆ. ಪಕ್ಕದ್ದರ ಮೇಲೆ ಬರೀ 80 ವಾಟ್, ಬೆಲೆ ಮಾತ್ರ ಅದರ ಐದಾರು ಪಟ್ಟು!

5000ದ ಪಕ್ಕ ಸಣ್ಣಕ್ಷರದಲ್ಲಿ ಪಿಎಂಪಿಒ ಅಂತ ಇದೆಯಾ ನೋಡಿ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಅಂತ ಅದರ ಪೂರ್ತಿ ಹೆಸರು. ಒಂದು ಕ್ಷಣಕ್ಕೆ ಎಷ್ಟು ಶಕ್ತಿ ಚಿಮ್ಮಬಹುದು ಅನ್ನುವ ಲೆಕ್ಕ. ಆ ಕ್ಷಣ ಅಂದರೆ ಎಷ್ಟು ಹೊತ್ತು, ಸದ್ದು ಎಷ್ಟರ ಮಟ್ಟಿಗೆ ಒಡೆಯಬಹುದು, ಇದಕ್ಕೆಲ್ಲ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಹಾಗಾಗಿ ತಯಾರಿಸುವವರು ತಮಗೆ ತೋಚಿದ ಅಂಕಿ ಬರೆಯಬಹುದು. ನನ್ನನ್ನು ಕೇಳಿದರೆ, ಅದನ್ನು ಓದಲೇಬೇಡಿ.

ನೋಡಬೇಕಾದ್ದು ಆರ್‌ಎಂಎಸ್ ವಾಟ್. ಆರ್‌ಎಂಎಸ್ ಅಂದರೆ ರೂಟ್ ಮೀನ್ ಸ್ಕ್ವೇರ್. ಸ್ಪೀಕರಿಗೆ ಹೋಗುವ ಕರೆಂಟು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹರಿಯುತ್ತದೆ. ಸುಮ್ನೆ ಸರಾಸರಿ ತೆಗೆದರೆ ಸೊನ್ನೆ ಬರುತ್ತದೆ. ಅದಕ್ಕೇ ವರ್ಗ ಮಾಡಿ, ಸರಾಸರಿ ತೆಗೆದು, ಆಮೇಲೆ ವರ್ಗಮೂಲ ತೆಗೆಯುತ್ತಾರೆ. ನಮ್ಮ ಗೋಡೆಯ ಪ್ಲಗ್ಗಿನ 230 ವೋಲ್ಟ್ ಕೂಡ ಇದೇ ಲೆಕ್ಕದ್ದು, ಅದರ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಸರಿಯಾಗಿ ಹೇಳಿದರೆ ಆರ್‌ಎಂಎಸ್ ಅನ್ನೋದು ವೋಲ್ಟೇಜಿಗೆ ಸೇರಿದ ಮಾತು, ವಾಟಿಗಲ್ಲ, ಅಂತ ಎಂಜಿನಿಯರುಗಳು ಮೂಗು ಮುರಿಯುತ್ತಾರೆ. ಇರಲಿ. ಅಂಗಡಿಯಲ್ಲಿ ಇದರ ಅರ್ಥ ಇಷ್ಟೇ: ಆಂಪ್ಲಿಫೈಯರ್ ಸುಸ್ತಾಗದೆ, ಬಿಡದೆ ಕೊಡಬಲ್ಲ ಶಕ್ತಿ.

ಆದರೆ ಆರ್‌ಎಂಎಸ್ ಅಂತ ಬರೆದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. ಪಕ್ಕದಲ್ಲಿರುವ ಷರತ್ತುಗಳನ್ನೂ ಓದಬೇಕು. ಒಂದರ ಮೇಲೆ '100 ವಾಟ್, 6 ಓಮ್, 1 ಕಿಲೋಹರ್ಟ್ಸ್, 10% ಟಿಎಚ್‌ಡಿ, ಒಂದು ಚಾನೆಲ್' ಅಂತಿದೆ ಅಂದುಕೊಳ್ಳಿ. ಇನ್ನೊಂದರ ಮೇಲೆ '80 ವಾಟ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08% ಟಿಎಚ್‌ಡಿ, ಎರಡು ಚಾನೆಲ್' ಅಂತಿದೆ. ಗಟ್ಟಿ ಆಸಾಮಿ ಎರಡನೆಯದೇ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಟಿಎಚ್‌ಡಿ ಅಂದರೆ ಸದ್ದು ಎಷ್ಟು ಕೆಟ್ಟಿದೆ ಅನ್ನುವ ಅಳತೆ. 10% ಅಂದರೆ ಕಿವಿಗೇ ಗೊತ್ತಾಗುವಷ್ಟು ಒಡೆದಿರುತ್ತದೆ. 1 ಕಿಲೋಹರ್ಟ್ಸ್ ಒಂದೇ ಸ್ವರ, ಅದನ್ನು ಕೊಡುವುದು ಸುಲಭ. 20 ಹರ್ಟ್ಸ್‌ನ ಆಳದ ಬಾಸಿನವರೆಗೆ ಇಳಿದು ಅಷ್ಟೇ ಶಕ್ತಿ ಕೊಡುವುದು ಕಷ್ಟ. ಇನ್ನು ಒಂದೇ ಚಾನೆಲ್, ಅಂದರೆ ಒಂದು ಸ್ಪೀಕರಿನ ದಾರಿ ಮಾತ್ರ, ಓಡಿಸಿ ಅಳೆದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಪೂರ್ತಿ ಅದೊಂದಕ್ಕೇ ದುಡಿಯುತ್ತದೆ. ಮನೆಯಲ್ಲಿ ಐದೋ ಏಳೋ ಚಾನೆಲ್ ಅದನ್ನು ಹಂಚಿಕೊಳ್ಳಬೇಕು.

ಅಮೆರಿಕದಲ್ಲೂ ಇಂಥದೇ ವಾಟಿನ ಜಾಹೀರಾತುಗಳು ಹೆಚ್ಚಾಗಿ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದಿತು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, 8 ಓಮ್, 20ರಿಂದ 20,000 ಹರ್ಟ್ಸ್, 1%ಗಿಂತ ಕಡಿಮೆ ಟಿಎಚ್‌ಡಿ ಅಂತ ಗೊತ್ತುಮಾಡಿತು. ನಾವಿಲ್ಲಿ ಕೊಳ್ಳುವಾಗಲೂ ಇದೇ ಷರತ್ತಿನ ಅಂಕಿ ಕೊಡಿ ಅಂತ ಕೇಳಬಹುದು. ಹಿಂಬದಿಯ ಲೇಬಲ್ ಮೇಲೂ ಕಣ್ಣಾಡಿಸಿ. ಎಷ್ಟು ಕರೆಂಟು ಎಳೆಯುತ್ತದೆ ಅಂತ ಅಲ್ಲಿ ಬರೆದಿರುತ್ತದೆ. ಅದು ಪಕ್ಕಾ ಮಿತಿ ಅಲ್ಲ ನಿಜ. ಆದರೂ ಮುಂದೆ 5000, ಹಿಂದೆ 60 ವಾಟ್ ಅಂತಿದ್ದರೆ ವಿಷಯ ಗೊತ್ತಾಯಿತಲ್ವಾ?

ಸರಿ, ನಿಜವಾದ 50 ವಾಟಿನದು ಇದೆ, 100ರದ್ದು ತಂದರೆ ಸದ್ದು ಎರಡು ಪಟ್ಟು ಆಗುತ್ತದಾ? ಇಲ್ಲ. ಶಕ್ತಿ ದುಪ್ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. 'ಓ, ಸ್ವಲ್ಪ ಜಾಸ್ತಿ ಆಯ್ತು' ಅನ್ನುವಷ್ಟು. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ.

ಇಲ್ಲೇ ಸ್ಪೀಕರಿನ ಸೆನ್ಸಿಟಿವಿಟಿ ಮುಖ್ಯವಾಗುವುದು. 1 ವಾಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬಂತು ಅನ್ನುವ ಅಂಕಿ ಅದು. ದುಗ್ಗಮ್ಮನ ಜಾತ್ರೆಯಂಥ ಕಡೆ ಕಂಬಕ್ಕೆ ಕಟ್ಟುವ ಹಾರ್ನ್ ನೋಡಿ. ಅಂಥವು 1 ವಾಟಿಗೇ ಸುಮಾರು 105 ಡೆಸಿಬಲ್ ಕೊಡುತ್ತವೆ. ಅಷ್ಟೇ ಸದ್ದು 88 ಡೆಸಿಬಲ್‌ನ ಮನೆ ಸ್ಪೀಕರಿನಿಂದ ಬರಬೇಕಾದರೆ ಸುಮಾರು 50 ವಾಟ್ ಬೇಕು. ಹಾಗಂತ ಮನೆಯ ಹಾಲ್‌ಗೆ ಹಾರ್ನ್ ತಂದುಬಿಟ್ಟೀರಿ, ಅದರಲ್ಲಿ ಮಾತು ದೂರ ಕೇಳುತ್ತದೆಯೇ ಹೊರತು ಬಾಸ್ ಇರುವುದಿಲ್ಲ. ಆದರೆ 85ರ ಸ್ಪೀಕರ್ ಬಿಟ್ಟು 91ರದ್ದು ತಂದರೆ ಅದೇ 50 ವಾಟಿನ ಆಂಪ್ 200 ವಾಟಿನಷ್ಟು ಕೆಲಸ ಮಾಡುತ್ತದೆ. ವಿದ್ಯಾನಗರದ ಒಂದು ಸಾಧಾರಣ ಹಾಲಿಗೆ ಇದು ಧಾರಾಳ. ದುಡ್ಡು ಮೊದಲು ಸ್ಪೀಕರಿಗೆ ಹೋಗಲಿ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ದೊಡ್ಡ ಆಂಪ್ ಯಾರಿಗೆ ಬೇಕು? ಹಾಲ್ ನಿಜಕ್ಕೂ ದೊಡ್ಡದಿದ್ದರೆ ಬೇಕು. ಸ್ಪೀಕರ್ 4 ಓಮಿನದಾಗಿದ್ದರೂ ಬೇಕು, ಯಾಕಂದರೆ ಅದು ಕರೆಂಟು ಜಾಸ್ತಿ ಎಳೆಯುತ್ತದೆ. ವಾಲ್ಯೂಮ್ ಏರಿಸಿದಾಗ ಸದ್ದು ಒಡೆಯುತ್ತಿದ್ದರಂತೂ ಬೇಕೇ ಬೇಕು. ಶಕ್ತಿ ಸಾಲದ ಆಂಪನ್ನು ಒತ್ತಿ ದುಡಿಸಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಎಷ್ಟೋ ಟ್ವೀಟರುಗಳು, ಅಂದರೆ ತೆಳು ಸ್ವರ ನುಡಿಸುವ ಪುಟ್ಟ ಸ್ಪೀಕರುಗಳು, ಸುಟ್ಟುಹೋಗುವುದು ಇದರಿಂದಲೇ.

ದೊಡ್ಡ ಆಂಪ್ ಬೇಕಾದವರು ಇರುವ ರಿಸೀವರನ್ನು (ಹೋಂ ಥಿಯೇಟರಿನ ಎಲ್ಲ ಚಾನೆಲ್‌ಗಳ ಆಂಪ್ ಒಳಗೇ ಇರುವ ಪೆಟ್ಟಿಗೆ) ಎಸೆಯಬೇಕಾಗಿಲ್ಲ. ಹಿಂದೆ ಹೊರಗಿನ ಆಂಪಿಗೆ ಸಿಗ್ನಲ್ ಕೊಡುವ, ಪ್ರೀ-ಔಟ್ ಅಂತ ಬರೆದ ತೂತುಗಳಿದ್ದರೆ, ಮುಂದಿನ ಎರಡು ಸ್ಪೀಕರಿಗೆ ಮಾತ್ರ ಬೇರೆ ಪವರ್ ಆಂಪ್ ಹಾಕಿದರೆ ಸಾಕು. ಸಬ್‌ವೂಫರಿಗೆ ಅದರದ್ದೇ ಆಂಪ್ ಇದ್ದರೆ ಕ್ರಾಸೋವರನ್ನು, ಅಂದರೆ ಬಾಸನ್ನು ಬೇರ್ಪಡಿಸಿ ಸಬ್‌ವೂಫರಿಗೆ ಕಳಿಸುವ ಗಡಿಯನ್ನು, 80 ಹರ್ಟ್ಸ್‌ಗೆ ಇಡಿ, ಬಾಸಿನ ಭಾರ ರಿಸೀವರಿನ ಮೇಲೆ ಬೀಳುವುದಿಲ್ಲ. ಇನ್ನು ಆಂಪಿನೊಳಗಿನ ಸರ್ಕ್ಯೂಟಿನ ಬಗೆಗೆ ಕ್ಲಾಸ್ ಅನ್ನುತ್ತಾರೆ. ಕ್ಲಾಸ್ ಎಬಿ ಆಂಪ್ ಆದರೆ ಎಳೆದ ಕರೆಂಟಿನಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಬಿಡುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಅದನ್ನು ಟಿವಿ ಕಪಾಟಿನೊಳಗೆ ತುರುಕಬೇಡಿ, ಮೇಲುಗಡೆ ಗಾಳಿಯಾಡಲು ಜಾಗ ಬಿಡಿ. ಕ್ಲಾಸ್ ಡಿ ಆದರೆ ಈ ತಲೆನೋವು ತುಂಬಾ ಕಡಿಮೆ.